ರಿಮ್ಮಿನಿಂದ ಜಾರಿದ ಟೈರನ್ನು ಮತ್ತೆ ಕೂರಿಸುವುದು: ‘ಒತ್ತಡ’ ಪಾಠಕ್ಕೊಂದು ಸ್ಥಳೀಯ ಆಧಾರ

ಪೀಠಿಕೆ

ಎಂಟನೆಯ ತರಗತಿಯ ವಿಜ್ಞಾನದಲ್ಲಿ ‘ಒತ್ತಡ’ವನ್ನು ಬೋಧನಾಭ್ಯಾಸಕ್ಕೆ ಆರಿಸಿಕೊಳ್ಳುವ ಪ್ರಶಿಕ್ಷಣಾರ್ಥಿಗಳು ಬಹಳ. ಅವರ ಪಾಠಯೋಜನೆಗಳಲ್ಲಿ ಹೆಚ್ಚಾಗಿ ಕಾಣುವುದು ಮೂರು ಉದಾಹರಣೆಗಳು: ಹರಿತವಾದ ಚಾಕು, ಚೂಪಾದ ಮೊಳೆ, ಶಾಲಾ ಚೀಲದ ಅಗಲ ಪಟ್ಟಿ. ಮೂರೂ ಸರಿಯಾದ ಉದಾಹರಣೆಗಳೇ. ಆದರೆ ಮೂರೂ ಘನ ವಸ್ತುಗಳಿಗೆ ಸೇರಿದವು. ಅನಿಲದ ಒತ್ತಡಕ್ಕೆ ಬಂದಾಗ ‘ಬಲೂನು ಊದಿದರೆ ಹಿಗ್ಗುತ್ತದೆ’ ಎಂಬ ಒಂದು ವಾಕ್ಯದಲ್ಲಿ ಪಾಠ ಮುಗಿದುಹೋಗುತ್ತದೆ. ಕೆಲವರು ಪಂಕ್ಚರ್ ಅಂಗಡಿಯನ್ನು ಪೀಠಿಕೆಯಲ್ಲಿ ತರುತ್ತಾರೆ. ಎರಡು ಪ್ರಶ್ನೆ ಕೇಳಿ, ಉದ್ದೇಶ ಕಥನ ಹೇಳಿದ ಮೇಲೆ ಅದನ್ನು ಮತ್ತೆ ನೆನೆಯುವುದಿಲ್ಲ.

ಪಂಕ್ಚರ್ ಅಂಗಡಿಯ ಒಂದೇ ಒಂದು ಕೆಲಸವನ್ನು ಪೀಠಿಕೆಯಿಂದ ಮೌಲ್ಯಮಾಪನದವರೆಗೆ ಕೈಬಿಡದೆ ಹಿಡಿದು, ಎರಡು ಅವಧಿಗಳ ಪಾಠವನ್ನು ಹೇಗೆ ಕಟ್ಟಬಹುದು ಎಂಬುದು ಈ ಲೇಖನದ ವಿಷಯ. ಆ ಕೆಲಸ, ರಿಮ್ಮಿನಿಂದ ಜಾರಿದ ಟ್ಯೂಬ್‌ಲೆಸ್ ಟೈರನ್ನು ಮತ್ತೆ ಸ್ಥಾನಕ್ಕೆ ಕೂರಿಸುವುದು. ಇದನ್ನೇ ಆರಿಸಲು ಕಾರಣವಿದೆ. ಟೈರು ಕೂರಬೇಕಾದರೆ ಎರಡು ಪ್ರಶ್ನೆಗಳು ಒಂದರ ಹಿಂದೊಂದು ಬಗೆಹರಿಯಬೇಕು. ತುಂಬಿದ ಗಾಳಿ ಒಳಗೆ ನಿಲ್ಲುತ್ತದೆಯೇ ಎಂಬುದು ಮೊದಲನೆಯದು. ನಿಂತ ಗಾಳಿ ಎಷ್ಟು ಬಲದಿಂದ ತಳ್ಳುತ್ತದೆ ಎಂಬುದು ಎರಡನೆಯದು. ‘ಒತ್ತಡ = ಬಲ ÷ ವಿಸ್ತೀರ್ಣ’ ಎಂಬ ಸೂತ್ರ ಉತ್ತರಿಸುವುದು ಎರಡನೆಯದಕ್ಕೆ ಮಾತ್ರ. ಮಕ್ಕಳು, ಎಷ್ಟೋ ವೇಳೆ ನಾವೂ, ‘ಇನ್ನೂ ಜಾಸ್ತಿ ಏರ್ ಹಾಕಿದರೆ ಕೂರುತ್ತದೆ’ ಎನ್ನುವಾಗ ಈ ಎರಡನ್ನೂ ಕಲಸಿಬಿಟ್ಟಿರುತ್ತೇವೆ. ಅಂಗಡಿಯಲ್ಲಿ ಅದೇ ತಪ್ಪು ತಿಳಿವಳಿಕೆ ಕೈ, ಕಣ್ಣು, ಕೆಲವೊಮ್ಮೆ ಜೀವವನ್ನೇ ತೆಗೆಯಬಲ್ಲದು.

ಸ್ಥಳೀಯ ಸಂದರ್ಭ

ಮಾದನಗೇರಿಯಲ್ಲಿ ರಾಷ್ಟ್ರೀಯ ಹೆದ್ದಾರಿ 66ನ್ನು ಬಿಟ್ಟು ಗೋಕರ್ಣದತ್ತ ತಿರುಗುವ ವಾಹನಗಳಲ್ಲಿ ಅನೇಕವು ಕೊನೆಗೆ ಓಂ ಬೀಚಿಗೆ ಹೋಗುತ್ತವೆ. ಎರಡು ಅರ್ಧಚಂದ್ರಗಳು ಕೂಡಿದಂತೆ ಕಾಣುವ ಆ ತೀರಕ್ಕೆ ಹೋಗುವ ರಸ್ತೆ ಗೋಕರ್ಣ ಪೇಟೆಯಿಂದ ಗುಡ್ಡ ಏರಿ, ತಿರುವುಗಳನ್ನು ದಾಟಿ, ತೀರದ ಮೇಲ್ಭಾಗದಲ್ಲಿ ನಿಲ್ಲುತ್ತದೆ. ಅಲ್ಲಿಂದ ಮುಂದೆ ಮೆಟ್ಟಿಲು. ಬಾಡಿಗೆ ಸ್ಕೂಟರ್, ಪ್ರವಾಸಿಗರ ಕಾರು, ಊರಿನ ರಿಕ್ಷಾ ಎಲ್ಲವೂ ಈ ದಾರಿಯಲ್ಲೇ. ಗಾಳಿ ಇಳಿದದ್ದನ್ನು ಗಮನಿಸದೆ ತಿರುವಿನಲ್ಲಿ ವಾಲಿಸಿದಾಗ, ಹೊಂಡಕ್ಕೆ ಚಕ್ರ ಬಿದ್ದಾಗ, ಟೈರಿನ ಅಂಚು ರಿಮ್ಮಿನಿಂದ ಒಳಕ್ಕೆ ಜಾರುತ್ತದೆ.

ಕರಾವಳಿಯಲ್ಲಿ ಇದಕ್ಕೆ ಇನ್ನೊಂದು ಕಾರಣವೂ ಸೇರುತ್ತದೆ. ಸಾಣಿಕಟ್ಟಾದ ಉಪ್ಪಿನಾಗರ ಗೋಕರ್ಣದ ಪಕ್ಕದಲ್ಲೇ ಇದೆ. ಉಪ್ಪು ಎಂದರೇನೆಂದು ಇಲ್ಲಿಯ ಮಕ್ಕಳಿಗೆ ಬೇರೆ ಹೇಳಬೇಕಾಗಿಲ್ಲ. ಕಡಲಿನ ಉಪ್ಪುಗಾಳಿ ಮತ್ತು ಮಳೆಗಾಲದ ತೇವ ಸೇರಿ ಕಬ್ಬಿಣದ ರಿಮ್ಮಿಗೆ ತುಕ್ಕು ಹಿಡಿಸುತ್ತವೆ. ತುಕ್ಕಿನ ಹಕ್ಕಳೆ ಎದ್ದ ಜಾಗದಲ್ಲಿ ರಬ್ಬರ್ ಪೂರ್ತಿ ಅಂಟದೆ ಗಾಳಿ ನಿಧಾನವಾಗಿ ಸೋರುತ್ತದೆ. ಗಾಳಿ ಕಡಿಮೆಯಾದಷ್ಟೂ ಅಂಚನ್ನು ಒತ್ತಿ ಹಿಡಿಯುವ ಬಲ ಕಡಿಮೆ. ಮರಳಿನಲ್ಲಿ ಚಕ್ರ ಹುಗಿಯಬಾರದೆಂದು ಕೆಲವರು ಬೇಕೆಂದೇ ಗಾಳಿ ಇಳಿಸುತ್ತಾರೆ. ಮತ್ತೆ ತುಂಬದೆ ರಸ್ತೆಗೆ ಬಂದರೆ ಫಲ ಅದೇ.

ಕುಮಟಾ, ಹೊನ್ನಾವರ, ಭಟ್ಕಳದ ಶಾಲೆಗಳಲ್ಲಿ ರಿಕ್ಷಾ ಓಡಿಸುವವರ, ಗ್ಯಾರೇಜಿನವರ, ಲಾರಿ ಚಾಲಕರ ಮಕ್ಕಳಿದ್ದಾರೆ. ಟೈರು ಕೂರಿಸುವ ಕ್ರಮವನ್ನು ಅವರಲ್ಲಿ ಕೆಲವರು ಪ್ರಶಿಕ್ಷಣಾರ್ಥಿಗಿಂತ ಚೆನ್ನಾಗಿ ಬಲ್ಲರು. ಇದು ಅಂಜಬೇಕಾದ ಸಂಗತಿಯಲ್ಲ. ಮಗು ಕ್ರಮವನ್ನು ತರುತ್ತದೆ; ಕಾರಣವನ್ನು ಹುಡುಕುವ ಕೆಲಸ ತರಗತಿಯದು. ಜ್ಞಾನವನ್ನು ಶಾಲೆಯ ಹೊರಗಿನ ಬದುಕಿಗೆ ಜೋಡಿಸಬೇಕೆಂದು ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು 2005 ಹೇಳಿದ್ದನ್ನು ನಾವೆಲ್ಲ ಉತ್ತರ ಪತ್ರಿಕೆಯಲ್ಲಿ ಬರೆದಿದ್ದೇವೆ. ಅದನ್ನು ತರಗತಿಯಲ್ಲಿ ಮಾಡಿ ನೋಡಲು ಇದೊಂದು ಅವಕಾಶ.

ವಿಷಯ ವಿಶ್ಲೇಷಣೆ: ಟೈರು ಮತ್ತು ರಿಮ್ಮಿನ ರಚನೆ

ಪಾಠ ಮಾಡುವ ಮೊದಲು ಪ್ರಶಿಕ್ಷಣಾರ್ಥಿ ಇಷ್ಟನ್ನು ಸ್ಪಷ್ಟವಾಗಿ ತಿಳಿದಿರಬೇಕು.

ಟೈರಿನ ಎರಡೂ ಬದಿಯ ಒಳ ಅಂಚಿಗೆ ಬೀಡ್ ಎನ್ನುತ್ತಾರೆ. ಅದರೊಳಗೆ ಉಕ್ಕಿನ ತಂತಿಗಳ ಬಳೆ ಇದೆ. ರಬ್ಬರ್ ಹಿಗ್ಗಿದರೂ ಈ ಬಳೆ ಹಿಗ್ಗುವುದಿಲ್ಲ. ರಿಮ್ಮಿನಲ್ಲಿ ನಾಲ್ಕು ಭಾಗಗಳನ್ನು ಗುರುತಿಸಬೇಕು. ಹೊರ ಅಂಚಿನಲ್ಲಿ ಮೇಲೆದ್ದ ತುಟಿ. ಅದರ ಒಳಗೆ ಬೀಡ್ ಕೂರುವ ಪೀಠ. ಪೀಠದ ಒಳ ಬದಿಗೆ, ಬೀಡ್ ಹಿಂದಕ್ಕೆ ಜಾರದಂತೆ ತಡೆಯುವ ಸಣ್ಣ ಉಬ್ಬು. ನಟ್ಟನಡುವೆ ಒಂದು ತಗ್ಗು. ಬೀಡ್ ಹಿಗ್ಗದ ಕಾರಣ ಅದನ್ನು ತುಟಿಯ ಮೇಲಿಂದ ನೇರವಾಗಿ ದಾಟಿಸಲು ಆಗದು. ಒಂದು ಬದಿಯ ಬೀಡನ್ನು ನಡುವಿನ ತಗ್ಗಿಗೆ ಇಳಿಸಿದಾಗ ಎದುರು ಬದಿಯಲ್ಲಿ ಅಷ್ಟು ಸಡಿಲ ಸಿಗುತ್ತದೆ. ಟೈರ್ ಬಿಚ್ಚುವಾಗ ಕೆಲಸಗಾರರು ಎದುರು ಬದಿಯನ್ನು ಕಾಲಿನಿಂದ ಅದುಮಿ ಹಿಡಿಯುವುದು ಇದಕ್ಕಾಗಿ.

ಟ್ಯೂಬ್ ಇರುವ ಟೈರಿನಲ್ಲಿ ಗಾಳಿಯನ್ನು ಹಿಡಿಯುವುದು ಟ್ಯೂಬು. ಟ್ಯೂಬ್‌ಲೆಸ್ ಟೈರಿನಲ್ಲಿ ಟೈರು ಮತ್ತು ರಿಮ್ಮು ಕೂಡಿ ಆಗುವುದೇ ಗಾಳಿಯ ಪಾತ್ರೆ. ಬೀಡ್ ಸ್ಥಾನದಲ್ಲಿದ್ದರೆ ಮಾತ್ರ ಆ ಪಾತ್ರೆ ಮುಚ್ಚಿರುತ್ತದೆ. ಜಾರಿದರೆ ಪಾತ್ರೆಯ ಬಾಯಿ ಸುತ್ತಲೂ ತೆರೆದಂತೆ.

ಮತ್ತೆ ಕೂರಿಸುವ ಕ್ರಮ ಮತ್ತು ಪ್ರತಿ ಹೆಜ್ಜೆಯ ಕಾರಣ

1. ಉಳಿದ ಗಾಳಿಯನ್ನೆಲ್ಲ ಬಿಟ್ಟು, ಬೀಡ್ ಹರಿದಿದೆಯೇ, ತಂತಿ ಹೊರಬಂದಿದೆಯೇ, ರಿಮ್ ಬಾಗಿದೆಯೇ, ಸೀಳಿದೆಯೇ ಎಂದು ನೋಡಬೇಕು. ಹಾಗಿದ್ದರೆ ಕೆಲಸ ಅಲ್ಲಿಗೇ ನಿಲ್ಲಬೇಕು. ಕೆಟ್ಟ ತಂತಿ ಒತ್ತಡವನ್ನು ತಡೆಯದು.

2. ಬೀಡ್ ಕೂರುವ ಪೀಠದ ತುಕ್ಕು, ಮರಳು, ಹಳೆಯ ರಬ್ಬರಿನ ಚೂರುಗಳನ್ನು ತಂತಿ ಬ್ರಷ್ಷಿನಿಂದ ಉಜ್ಜಿ ತೆಗೆಯಬೇಕು. ಇದು ಸೋರುವ ದಾರಿಗಳನ್ನು ಮುಚ್ಚುವ ಕೆಲಸ.

3. ಬೀಡಿಗೂ ಪೀಠಕ್ಕೂ ಸೋಪಿನ ನೀರು ಹಚ್ಚಬೇಕು. ಇದರಿಂದ ಎರಡು ಲಾಭ. ಘರ್ಷಣೆ ಕಡಿಮೆಯಾಗಿ ಬೀಡ್ ಉಬ್ಬನ್ನು ಸುಲಭವಾಗಿ ಏರುತ್ತದೆ. ಸಣ್ಣ ಸಂದುಗಳಲ್ಲಿ ನೀರಿನ ಪೊರೆ ನಿಂತು ಸೋರಿಕೆ ತಗ್ಗುತ್ತದೆ. ಎಣ್ಣೆ, ಗ್ರೀಸ್ ಹಚ್ಚಬಾರದು. ಅವು ರಬ್ಬರನ್ನು ಕೆಡಿಸುತ್ತವೆ, ಒಣಗುವುದೂ ಇಲ್ಲ. ಮುಂದೆ ಬ್ರೇಕ್ ಹಾಕಿದಾಗ ಟೈರು ರಿಮ್ಮಿನ ಮೇಲೆ ಜಾರಬಹುದು.

4. ವಾಲ್ ಒಳಗಿನ ಪಿನ್ನನ್ನು ಬಿಚ್ಚಿಡುತ್ತಾರೆ. ಇದರಿಂದ ದಾರಿ ಅಗಲವಾಗಿ ಗಾಳಿ ವೇಗವಾಗಿ ಒಳನುಗ್ಗುತ್ತದೆ.

5. ಸಂದು ಬಹಳವಿದ್ದರೆ ಟೈರಿನ ಹೊರಮೈ ಸುತ್ತ ಹಗ್ಗ ಅಥವಾ ಪಟ್ಟಿ ಬಿಗಿದು, ಕೋಲಿನಿಂದ ತಿರುಚಿ ಬಿಗಿಗೊಳಿಸುತ್ತಾರೆ. ಹೊರಮೈ ಒಳಕ್ಕೆ ಒತ್ತಿದಾಗ ಬದಿಗಳು ಹೊರಕ್ಕೆ ಚಾಚಿ ರಿಮ್ಮಿಗೆ ತಾಗುತ್ತವೆ. ಉಕ್ಕಿನ ಪದರವಿರುವ ರೇಡಿಯಲ್ ಟೈರಿನಲ್ಲಿ ಇದರ ಪರಿಣಾಮ ಕಡಿಮೆ. ಬೀಡ್ ತಾಗಿದೊಡನೆ ಹಗ್ಗ ಸಡಿಲಿಸಬೇಕು.

6. ಕಂಪ್ರೆಸರ್ ಟ್ಯಾಂಕಿನಲ್ಲಿ ಕೂಡಿಟ್ಟ ಗಾಳಿಯನ್ನು ಒಮ್ಮೆಲೇ ಬಿಡುತ್ತಾರೆ. ಬೀಡ್ ಉಬ್ಬನ್ನು ದಾಟಿ ತುಟಿಗೆ ಬಡಿದಾಗ ‘ಟಪ್’ ಎಂಬ ಶಬ್ದ. ಎರಡು ಬದಿಗೆ ಎರಡು ಶಬ್ದ.

7. ಈ ಹೊತ್ತಿನಲ್ಲಿ ಕಣ್ಣು ಮಾಪಕದ ಮೇಲಿರಬೇಕು. ಕಾರಿನ ಟೈರನ್ನು ಕೂರಿಸುವಾಗ 40 ಪಿಎಸ್‌ಐ ದಾಟಬಾರದೆಂಬುದು ಟೈರು ಉದ್ಯಮದ ಸಾಮಾನ್ಯ ನಿಯಮ. ಟೈರಿನ ಮೇಲೆ ಬೇರೆ ಮಿತಿ ಅಚ್ಚಾಗಿದ್ದರೆ ಅದನ್ನೇ ಪಾಲಿಸಬೇಕು. ಅಷ್ಟರಲ್ಲಿ ಕೂರದಿದ್ದರೆ ಗಾಳಿ ಬಿಟ್ಟು, ಕಾರಣ ಹುಡುಕಿ, ಮತ್ತೆ ಸೋಪು ಹಚ್ಚಿ ಮೊದಲಿಂದ ಆರಂಭಿಸಬೇಕು.

8. ಬೀಡಿನ ಪಕ್ಕದಲ್ಲಿ ಟೈರಿನ ಮೇಲಿರುವ ಸಣ್ಣ ಗೆರೆ ರಿಮ್ಮಿನಿಂದ ಸುತ್ತಲೂ ಸಮ ದೂರದಲ್ಲಿದೆಯೇ ಎಂದು ನೋಡಿ, ಪಿನ್ ಹಾಕಿ, ವಾಹನಕ್ಕೆ ಹೇಳಿದಷ್ಟು ಗಾಳಿ ತುಂಬಿ, ಸೋಪಿನ ನೀರು ಹಚ್ಚಿ ಗುಳ್ಳೆ ಏಳುತ್ತದೆಯೇ ಎಂದು ಪರೀಕ್ಷಿಸಬೇಕು.

ಪಾಠದ ತಿರುಳು

ಮೇಲಿನ ಎಂಟು ಹೆಜ್ಜೆಗಳನ್ನು ನಮ್ಮ ಎರಡು ಪ್ರಶ್ನೆಗಳ ಕೆಳಗೆ ಜೋಡಿಸಿ ನೋಡೋಣ. ಎರಡರಿಂದ ಐದರವರೆಗಿನ ಹೆಜ್ಜೆಗಳ ಮುಖ್ಯ ಉದ್ದೇಶ, ಸೋರುವುದಕ್ಕಿಂತ ವೇಗವಾಗಿ ಗಾಳಿ ತುಂಬುವಂತೆ ಮಾಡುವುದು. ಆರು ಮತ್ತು ಏಳರಲ್ಲಿ ಮಾತ್ರ ಒತ್ತಡ ತನ್ನ ಕೆಲಸ ಮಾಡುತ್ತದೆ.

ಸೈಕಲ್ ಪಂಪಿನಿಂದ ಸೈಕಲ್ ಟ್ಯೂಬಿಗೆ ಕಾರಿನ ಟೈರಿಗಿಂತ ಹೆಚ್ಚು ಒತ್ತಡದ ಗಾಳಿ ತುಂಬಬಹುದು. ಆದರೂ ಅದೇ ಪಂಪಿನಿಂದ ಜಾರಿದ ಸ್ಕೂಟರ್ ಟೈರನ್ನು ಕೂರಿಸಲು ಸಾಮಾನ್ಯವಾಗಿ ಆಗದು. ಏಕೆಂದರೆ ಒಂದು ಸಲ ಒತ್ತಿದಾಗ ಹೋಗುವ ಗಾಳಿ, ಮುಂದಿನ ಸಲ ಒತ್ತುವಷ್ಟರಲ್ಲಿ ಸಂದಿನಿಂದ ಹೊರಬಿದ್ದಿರುತ್ತದೆ. ಪಂಪಿನ ‘ಶಕ್ತಿ’ ಕಡಿಮೆಯೆಂದು ಇದನ್ನು ವಿವರಿಸಿದರೆ ತಪ್ಪಾಗುತ್ತದೆ. ಇಲ್ಲಿ ಸಾಲದಿರುವುದು ಗಾಳಿ ಹರಿಯುವ ವೇಗ.

ಬೀಡ್ ಒಮ್ಮೆ ರಿಮ್ಮಿಗೆ ತಾಗಿತೆಂದರೆ ಚಿತ್ರ ಬದಲಾಗುತ್ತದೆ. ಸೋರಿಕೆ ತಗ್ಗುತ್ತದೆ, ಒಳಗಿನ ಒತ್ತಡ ಏರುತ್ತದೆ, ಏರಿದ ಒತ್ತಡ ಬೀಡನ್ನು ಇನ್ನಷ್ಟು ಹೊರಕ್ಕೆ ತಳ್ಳುತ್ತದೆ, ಸೋರಿಕೆ ಮತ್ತೂ ತಗ್ಗುತ್ತದೆ. ಆದ್ದರಿಂದಲೇ ಕೆಲಸ ಮೊದಲು ಏನೂ ಆಗದಂತೆ ಕಂಡು, ಆಮೇಲೆ ಕ್ಷಣದಲ್ಲಿ ಮುಗಿಯುತ್ತದೆ. ಅಪಾಯ ಇರುವುದೂ ಆ ಕ್ಷಣದಲ್ಲೇ.

ಪಾಠಯೋಜನೆ

ಅವಧಿ: 40 ನಿಮಿಷಗಳ ಎರಡು ಅವಧಿಗಳು.

ಕಲಿಕಾ ಉದ್ದೇಶಗಳು: ಪಾಠದ ಕೊನೆಗೆ ವಿದ್ಯಾರ್ಥಿಯು
- ಗಾಳಿಯಿಳಿದ ಟೈರಿನೊಳಗೂ ಗಾಳಿ ಇದೆಯೆಂದು ಹೇಳಿ, ಅದು ತಳ್ಳದಿರುವ ಕಾರಣ ವಿವರಿಸುತ್ತಾನೆ/ಳೆ;
- ತುಂಬುವ ವೇಗ ಮತ್ತು ಸೋರುವ ವೇಗವನ್ನು ಹೋಲಿಸಿ ಒತ್ತಡ ಏರುತ್ತದೆಯೇ ಎಂದು ಊಹಿಸುತ್ತಾನೆ/ಳೆ;
- ಒತ್ತಡ ಮತ್ತು ವಿಸ್ತೀರ್ಣ ಕೊಟ್ಟಾಗ ಬಲವನ್ನು ಲೆಕ್ಕಹಾಕುತ್ತಾನೆ/ಳೆ;
- ಒಂದು ಹೆಜ್ಜೆ ಬಿಟ್ಟರೆ ಏನಾಗುತ್ತದೆಂದು ಕಾರಣಸಹಿತ ಹೇಳುತ್ತಾನೆ/ಳೆ.

ಬೋಧನೋಪಕರಣಗಳು: ಪಂಕ್ಚರ್ ಅಂಗಡಿಯಿಂದ ಕೇಳಿ ತಂದ ಹಳೆಯ ಟೈರಿನ ತುಂಡು (ತಂತಿಯ ಚೂಪು ತುದಿಗಳಿಗೆ ಟೇಪ್ ಸುತ್ತಿರಬೇಕು), ಒಂದು ಲೀಟರಿನ ಖಾಲಿ ನೀರಿನ ಬಾಟಲಿಗಳು, ತೆಳು ಪ್ಲಾಸ್ಟಿಕ್ ಚೀಲ, ರಬ್ಬರ್ ಬ್ಯಾಂಡ್, ಸ್ಟ್ರಾ, ಕಲಸಿದ ಹಿಟ್ಟು, ಒದ್ದೆ ಬಟ್ಟೆ, ಚೌಕಳಿ ಹಾಳೆ.

ಮೊದಲ ಅವಧಿ

ತೊಡಗಿಸಿಕೊಳ್ಳುವಿಕೆ (8 ನಿಮಿಷ). ಟೈರಿನ ತುಂಡನ್ನು ಗುಂಪಿನಿಂದ ಗುಂಪಿಗೆ ದಾಟಿಸಿ. ಎಲ್ಲಿ ಬಾಗುತ್ತದೆ, ಎಲ್ಲಿ ಬಾಗುವುದಿಲ್ಲ ಎಂದು ಮುಟ್ಟಿ ಹೇಳಲಿ.

ಪ್ರಶ್ನೆ: ಪೂರ್ತಿ ಗಾಳಿಯಿಳಿದ ಟೈರಿನೊಳಗೆ ಗಾಳಿ ಇದೆಯೇ?
ನಿರೀಕ್ಷಿತ ಉತ್ತರ: ಹೆಚ್ಚಿನವರು ‘ಇಲ್ಲ’ ಎನ್ನುತ್ತಾರೆ. ಕೆಲವರು ‘ಸ್ವಲ್ಪ ಇದೆ’ ಎನ್ನಬಹುದು.
ಮುಂದಿನ ಪ್ರಶ್ನೆ: ಹಾಗಾದರೆ ಮುಚ್ಚಳ ತೆಗೆದಿಟ್ಟ ಈ ಖಾಲಿ ಬಾಟಲಿಯೊಳಗೆ?

ಇಲ್ಲಿ ಉತ್ತರವನ್ನು ಕೂಡಲೇ ಹೇಳಬೇಡಿ. ಎರಡೂ ಉತ್ತರಗಳನ್ನು ಕಪ್ಪುಹಲಗೆಯ ಮೂಲೆಯಲ್ಲಿ ಬರೆದಿಡಿ. ಅವಧಿಯ ಕೊನೆಯಲ್ಲಿ ಮಕ್ಕಳೇ ತಿದ್ದಲಿ. ಗಾಳಿಯಿಳಿದ ಟೈರಿನಲ್ಲೂ ವಾತಾವರಣದ ಒತ್ತಡದಷ್ಟೇ, ಅಂದರೆ ಸುಮಾರು 101 ಕಿಲೋಪಾಸ್ಕಲ್ ಒತ್ತಡದ ಗಾಳಿ ಇದೆ. ಒಳಗೂ ಹೊರಗೂ ಒತ್ತಡ ಸಮವಾದ್ದರಿಂದ ತಳ್ಳುವಿಕೆ ಕಾಣುವುದಿಲ್ಲ. ಅಂಗಡಿಯ ಮಾಪಕ ತೋರಿಸುವುದು ವಾತಾವರಣಕ್ಕಿಂತ ಎಷ್ಟು ಹೆಚ್ಚು ಎಂಬುದನ್ನು. ಆದ್ದರಿಂದ ಅಲ್ಲಿ ಸೊನ್ನೆ.

ಅನ್ವೇಷಣೆ (20 ನಿಮಿಷ). ಬಾಟಲಿಯ ಬುಡದ ಬಳಿ ಸ್ಟ್ರಾ ಹೋಗುವಷ್ಟು ಒಂದು ರಂಧ್ರ, ಇನ್ನೊಂದು ಬದಿಯಲ್ಲಿ ಹೆಬ್ಬೆರಳ ತುದಿ ಹೋಗುವಷ್ಟು ದೊಡ್ಡ ರಂಧ್ರ ಇರಲಿ. ರಂಧ್ರಗಳನ್ನು ಪ್ರಶಿಕ್ಷಣಾರ್ಥಿಯೇ ಮೊದಲು ಕೊರೆದು, ಅಂಚು ನುಣುಪು ಮಾಡಿ ತರಬೇಕು. ಸ್ಟ್ರಾ ಸುತ್ತ ಹಿಟ್ಟು ಮೆತ್ತಿ. ಬಾಟಲಿಯ ಬಾಯಿಗೆ ಗಾಳಿ ಹಿಂಡಿ ತೆಗೆದ ತೆಳು ಚೀಲವನ್ನು ರಬ್ಬರ್ ಬ್ಯಾಂಡಿನಿಂದ ಬಿಗಿಯಿರಿ. ಪ್ರತಿ ಗುಂಪಿನಲ್ಲಿ ಊದುವವರು ಒಬ್ಬರೇ ಇರಲಿ, ಸ್ಟ್ರಾವನ್ನು ಹಂಚಿಕೊಳ್ಳಬಾರದು.

ನಾಲ್ಕು ಪ್ರಯತ್ನಗಳನ್ನು ಮಾಡಿಸಿ, ಪ್ರತಿಯೊಂದಕ್ಕೂ ಮೊದಲು ಊಹೆ ಬರೆಸಿ:
ಅ) ರಂಧ್ರ ತೆರೆದಿದೆ, ನಿಧಾನವಾಗಿ ಊದುವುದು.
ಆ) ರಂಧ್ರ ತೆರೆದಿದೆ, ಜೋರಾಗಿ ಊದುವುದು.
ಇ) ರಂಧ್ರದ ಅರ್ಧಭಾಗ ಒದ್ದೆ ಬಟ್ಟೆಯಿಂದ ಮುಚ್ಚಿದೆ, ಜೋರಾಗಿ ಊದುವುದು.
ಈ) ರಂಧ್ರ ಪೂರ್ತಿ ಮುಚ್ಚಿದೆ, ನಿಧಾನವಾಗಿ ಊದುವುದು.

ಮೊದಲನೆಯದರಲ್ಲಿ ಚೀಲ ಸೋತು ಬಿದ್ದಿರುತ್ತದೆ. ಎರಡನೆಯದರಲ್ಲಿ ಮಿಸುಕಿ ಏಳತೊಡಗುತ್ತದೆ, ಊದುವುದು ನಿಂತೊಡನೆ ಬೀಳುತ್ತದೆ. ಮೂರನೆಯದರಲ್ಲಿ ಚೆನ್ನಾಗಿ ಏಳುತ್ತದೆ. ನಾಲ್ಕನೆಯದರಲ್ಲಿ ನಿಧಾನವಾಗಿ ಊದಿದರೂ ತುಂಬಿ ನಿಲ್ಲುತ್ತದೆ. ಚೀಲದ ದಪ್ಪ, ರಂಧ್ರದ ಅಳತೆಗೆ ತಕ್ಕಂತೆ ಫಲ ಬದಲಾಗುವುದರಿಂದ ಹಿಂದಿನ ದಿನವೇ ಮಾಡಿ ನೋಡಿ, ರಂಧ್ರವನ್ನು ಹೊಂದಿಸಿಕೊಳ್ಳಬೇಕು.

ವಿವರಿಸುವಿಕೆ (12 ನಿಮಿಷ). ಟೈರು ಕೂರಿಸುವ ಹೆಜ್ಜೆಗಳನ್ನು ತಿಳಿದ ಮಕ್ಕಳಿಂದಲೇ ಹೇಳಿಸಿ, ಹಲಗೆಯ ಮೇಲೆ ಸಾಲಾಗಿ ಬರೆಯಿರಿ. ಬಳಿಕ ಬಾಟಲಿಯ ಯಾವ ಪ್ರಯತ್ನ ಯಾವ ಹೆಜ್ಜೆಗೆ ಹೋಲುತ್ತದೆ ಎಂದು ಕೇಳಿ. ನಿಧಾನ ಊದಿದ್ದು ಕಾಲಿನ ಪಂಪಿಗೆ, ಜೋರಾಗಿ ಊದಿದ್ದು ಪಿನ್ ತೆಗೆದು ಕಂಪ್ರೆಸರಿನಿಂದ ಗಾಳಿ ಬಿಟ್ಟದ್ದಕ್ಕೆ, ಒದ್ದೆ ಬಟ್ಟೆ ಸೋಪಿನ ನೀರು ಮತ್ತು ಹಗ್ಗಕ್ಕೆ.

ಮಾದರಿಯ ಮಿತಿಯನ್ನೂ ಹೇಳಬೇಕು. ಬಾಟಲಿಯ ರಂಧ್ರವನ್ನು ನಾವು ಕೈಯಿಂದ ಮುಚ್ಚಿದೆವು. ಟೈರಿನಲ್ಲಿ ಒಳಗಿನ ಗಾಳಿಯೇ ಬೀಡನ್ನು ತಳ್ಳಿ ಸಂದು ಮುಚ್ಚಿಕೊಳ್ಳುತ್ತದೆ. ಈ ಒಂದು ವಾಕ್ಯ ಬಿಟ್ಟುಹೋದರೆ, ಬೀಡ್ ಏಕೆ ಒಮ್ಮೆಲೇ ‘ಟಪ್’ ಎಂದು ಕೂರುತ್ತದೆಂಬುದು ಮಕ್ಕಳಿಗೆ ಅರ್ಥವಾಗದು.

ಎರಡನೆಯ ಅವಧಿ

ಲೆಕ್ಕ (15 ನಿಮಿಷ). ಅಂಗಡಿಯಲ್ಲಿ ‘ಮೂವತ್ತು ಹಾಕು’ ಎನ್ನುತ್ತಾರೆ. ಮೂವತ್ತು ಏನು? ಏಕಮಾನ ಯಾರೂ ಹೇಳುವುದಿಲ್ಲ. ಅದು 30 ಪಿಎಸ್‌ಐ, ಅಂದರೆ ಒಂದು ಚದರ ಅಂಗುಲಕ್ಕೆ 30 ಪೌಂಡ್ ತೂಕದಷ್ಟು ಬಲ. ನಮ್ಮ ಏಕಮಾನದಲ್ಲಿ ಸುಮಾರು 207 ಕಿಲೋಪಾಸ್ಕಲ್. ಸುಲಭವಾಗಿ ಹೇಳುವುದಾದರೆ ಒಂದು ಚದರ ಸೆಂಟಿಮೀಟರಿಗೆ ಸುಮಾರು 2.1 ಕಿಲೋ ತೂಕದಷ್ಟು.

ಪ್ರತಿಯೊಬ್ಬರೂ ಚೌಕಳಿ ಹಾಳೆಯ ಮೇಲೆ ಕೈಯಿಟ್ಟು ಗೆರೆಯೆಳೆದು, ಚೌಕಗಳನ್ನು ಎಣಿಸಿ ವಿಸ್ತೀರ್ಣ ಕಂಡುಹಿಡಿಯಲಿ. ಸುಮಾರು 100 ಚದರ ಸೆಂ.ಮೀ. ಎಂದುಕೊಂಡರೆ ಅಷ್ಟು ಜಾಗದ ಮೇಲೆ ಬೀಳುವ ಬಲ 210 ಕಿಲೋ ತೂಕದಷ್ಟು. 50 ಕಿಲೋದ ಸಿಮೆಂಟ್ ಚೀಲ ನಾಲ್ಕಕ್ಕಿಂತ ಹೆಚ್ಚು.

ಇನ್ನು ಸ್ಕೂಟರ್ ಟೈರಿನ ಒಂದು ಬದಿ. ಹತ್ತು ಅಂಗುಲದ ರಿಮ್ಮಿನ ಟೈರಿಗೆ ಒಳವ್ಯಾಸ ಸುಮಾರು 25 ಸೆಂ.ಮೀ., ಹೊರವ್ಯಾಸ ಸುಮಾರು 43 ಸೆಂ.ಮೀ. ಎಂದಿಟ್ಟುಕೊಂಡರೆ ಆ ಬಳೆಯಾಕಾರದ ವಿಸ್ತೀರ್ಣ ಸುಮಾರು 960 ಚದರ ಸೆಂ.ಮೀ. 30 ಪಿಎಸ್‌ಐನಲ್ಲಿ ಅದರ ಮೇಲಿನ ಒಟ್ಟು ಬಲ ಸುಮಾರು 2000 ಕಿಲೋ ತೂಕದಷ್ಟು, ಅಂದರೆ ನಲವತ್ತು ಸಿಮೆಂಟ್ ಚೀಲ! ಇದರಲ್ಲಿ ಒಂದು ಪಾಲನ್ನು ಟೈರಿನ ಹೊರಮೈ ಹೊರುತ್ತದೆ. ಉಳಿದದ್ದು ಬೀಡಿನ ಮೇಲೆ. ಬರೀ 5 ಪಿಎಸ್‌ಐನಲ್ಲೂ ಈ ಬಲ 300 ಕಿಲೋ ತೂಕವನ್ನು ಮೀರುತ್ತದೆ. ಗಾಳಿ ಒಮ್ಮೆ ನಿಂತಿತೆಂದರೆ ಬೀಡನ್ನು ಸರಿಸಲು ಭಾರೀ ಒತ್ತಡ ಬೇಡ ಎಂಬುದನ್ನು ಈ ಲೆಕ್ಕವೇ ತೋರಿಸುತ್ತದೆ. 40 ಪಿಎಸ್‌ಐಗೂ ಕೂರದ ಟೈರಿನಲ್ಲಿ ಬೇರೇನೋ ತೊಡಕಿದೆ. ಇನ್ನಷ್ಟು ಗಾಳಿ ತುಂಬುವುದು ಅದಕ್ಕೆ ಪರಿಹಾರವಲ್ಲ. ವೃತ್ತದ ವಿಸ್ತೀರ್ಣ ಇನ್ನೂ ಕಲಿಯದ ತರಗತಿಯಾದರೆ ಅಂಗೈಯ ಲೆಕ್ಕವಷ್ಟೇ ಸಾಕು.

ವಿಸ್ತರಿಸುವಿಕೆ (15 ನಿಮಿಷ). ಎತ್ತಿನ ಗಾಡಿಯ ಮರದ ಗಾಲಿಗೆ ಕಬ್ಬಿಣದ ಪಟ್ಟಿ ತೊಡಿಸುವ ಕೆಲಸವನ್ನು ಹೋಲಿಕೆಗೆ ತನ್ನಿ. ಕಮ್ಮಾರರು ಪಟ್ಟಿಯನ್ನು ಕಾಯಿಸುತ್ತಾರೆ. ಹಿಗ್ಗಿದ ಪಟ್ಟಿಯನ್ನು ಗಾಲಿಗೆ ತೊಡಿಸಿ ನೀರು ಹಾಕಿದಾಗ ಅದು ಕುಗ್ಗಿ ಬಿಗಿಯುತ್ತದೆ. ಅಲ್ಲಿ ಬಿಗಿತ ಕೊಡುವುದು ಉಷ್ಣದಿಂದಾದ ಹಿಗ್ಗು ಕುಗ್ಗು. ಇಲ್ಲಿ ಗಾಳಿಯ ಒತ್ತಡ. ಡನ್‌ಲಪ್ 1888ರಲ್ಲಿ ಗಾಳಿ ತುಂಬಿದ ಟೈರಿಗೆ ಪೇಟೆಂಟ್ ಪಡೆದ ಎರಡೇ ವರ್ಷಕ್ಕೆ, 1890ರಲ್ಲಿ, ಅಂಚಿಗೆ ತಂತಿಯಿರುವ ಟೈರಿಗೆ ಚಾರ್ಲ್ಸ್ ಕಿಂಗ್‌ಸ್ಟನ್ ವೆಲ್ಚ್ ಪೇಟೆಂಟ್ ಪಡೆದರು. ಗಾಳಿಯ ಟೈರು ಬಂದೊಡನೆ ಅದನ್ನು ರಿಮ್ಮಿನ ಮೇಲೆ ಹಿಡಿದಿಡುವುದು ಹೇಗೆಂಬ ಪ್ರಶ್ನೆಯೂ ಬಂದಿತ್ತೆಂದು ಮಕ್ಕಳಿಗೆ ಹೇಳಬಹುದು.

ಮೌಲ್ಯಮಾಪನ (10 ನಿಮಿಷ). ಕೆಳಗಿನವುಗಳಲ್ಲಿ ಮೂರನ್ನು ಬರೆಸಿ:
1. ಸೋಪಿನ ನೀರು ಹಚ್ಚುವುದನ್ನು ಬಿಟ್ಟರೆ ಆಗುವ ಎರಡು ತೊಂದರೆಗಳಾವುವು?
2. ಹೆಚ್ಚು ಒತ್ತಡ ಕೊಡಬಲ್ಲ ಸಣ್ಣ ಪಂಪಿನಿಂದ ಟೈರು ಕೂರಲಿಲ್ಲ. ಕಾರಣವೇನು?
3. ಮಾಪಕ ಸೊನ್ನೆ ತೋರಿಸುವಾಗ ಟೈರಿನೊಳಗಿನ ಒತ್ತಡ ಎಷ್ಟು?
4. 20 ಚದರ ಸೆಂ.ಮೀ. ಜಾಗದ ಮೇಲೆ, ಚದರ ಸೆಂ.ಮೀ.ಗೆ 2.1 ಕಿಲೋ ತೂಕದಷ್ಟು ಒತ್ತಡವಿದ್ದರೆ ಒಟ್ಟು ಬಲವೆಷ್ಟು?
5. 40 ಪಿಎಸ್‌ಐಗೂ ಟೈರು ಕೂರಲಿಲ್ಲ. ಮುಂದೆ ಏನು ಮಾಡಬೇಕು? ಏಕೆ?

ತರಗತಿಯಲ್ಲಿ ಬಂದೇ ಬರುವ ಪ್ರಶ್ನೆ

‘ಪೆಟ್ರೋಲ್ ಹಾಕಿ ಬೆಂಕಿ ಹಚ್ಚಿದರೆ ಟೈರು ಕೂರುತ್ತದಂತೆ, ಮೊಬೈಲಿನಲ್ಲಿ ನೋಡಿದ್ದೇನೆ’ ಎಂದು ಯಾರಾದರೂ ಹೇಳುವ ಸಾಧ್ಯತೆ ಬಹಳ. ಪ್ರಶಿಕ್ಷಣಾರ್ಥಿ ಗದರಿಸಿ ಕೂರಿಸಬಾರದು, ಕೇಳದಂತೆ ಮುಂದೆ ಹೋಗಲೂಬಾರದು. ಮಗು ನೋಡಿದ್ದು ನಿಜ. ಬಿಸಿಯಾದ ಅನಿಲ ಒಮ್ಮೆಲೇ ಹಿಗ್ಗಿ ಬೀಡನ್ನು ತಳ್ಳುತ್ತದೆ. ಇದನ್ನು ಒಪ್ಪಿಕೊಂಡೇ ಉತ್ತರಿಸಬೇಕು. ಉತ್ತರದಲ್ಲಿ ಮೂರು ಮಾತಿರಲಿ.

ಮೊದಲನೆಯದು, ಕಂಪ್ರೆಸರಿಗೆ ಮಾಪಕವಿದೆ, ನಿಲ್ಲಿಸುವ ಕೈಯಿದೆ. ಬೆಂಕಿಗೆ ಎರಡೂ ಇಲ್ಲ. ಎಷ್ಟು ಪೆಟ್ರೋಲ್ ಆವಿಯಾಗಿದೆ, ಒತ್ತಡ ಎಲ್ಲಿಗೆ ಏರುತ್ತದೆ ಎಂಬುದನ್ನು ಮೊದಲೇ ಅಳೆಯಲಾಗದು. ಎರಡನೆಯದು, ಅನಿಲ ತಣಿದಾಗ ಒತ್ತಡ ಇಳಿಯುತ್ತದೆ. ಗಾಳಿಯನ್ನು ಹೇಗೂ ತುಂಬಲೇಬೇಕು. ಮೂರನೆಯದು, ರಬ್ಬರಿನ ಒಳಪದರ ಸುಡಬಹುದು, ಉರಿಯದೆ ಉಳಿದ ಆವಿ ಆಮೇಲೆ ರಿಪೇರಿಯ ಹೊತ್ತಿಗೆ ಸಿಡಿಯಬಹುದು. ಇಲ್ಲಿಯವರೆಗೆ ಕಟ್ಟಿದ ಪಾಠಕ್ಕೆ ಇದು ಹೊರತಲ್ಲ. ಒತ್ತಡವನ್ನು ಅಳೆಯುವುದು ಏಕೆ ಕಲಿಯಬೇಕೆಂಬುದಕ್ಕೆ ಇದಕ್ಕಿಂತ ನೇರವಾದ ಕಾರಣ ಸಿಗದು.

ಸುರಕ್ಷತೆ

ಗಾಳಿ ತುಂಬಿದ ಟೈರು, ಕಂಪ್ರೆಸರ್, ಇಂಧನ ಇವುಗಳನ್ನು ತರಗತಿಗೆ ತರಬಾರದು. ಅಂಗಡಿಗೆ ಮಕ್ಕಳನ್ನು ಕರೆದೊಯ್ಯುವುದಾದರೆ ಮುಖ್ಯ ಶಿಕ್ಷಕರ, ಪೋಷಕರ ಮತ್ತು ಅಂಗಡಿಯವರ ಒಪ್ಪಿಗೆ ಬೇಕು. ಗಾಳಿ ತುಂಬುವಾಗ ಯಾರೂ ಟೈರಿನ ಬದಿಗೆ ಎದುರಾಗಿ ನಿಲ್ಲಬಾರದು, ಬೀಡಿನ ಸಂದಿಗೆ ಬೆರಳಿಡಬಾರದು.

ಎರಡು ವಿಷಯಗಳನ್ನು ಪ್ರತ್ಯೇಕವಾಗಿ ತಿಳಿಸಬೇಕು. ಅನೇಕ ರಿಕ್ಷಾಗಳ ಸಣ್ಣ ಚಕ್ರದಲ್ಲಿ ರಿಮ್ಮು ಎರಡು ಹೋಳಾಗಿದ್ದು ನಟ್ಟಿನಿಂದ ಜೋಡಿಸಿರುತ್ತದೆ, ಒಳಗೆ ಟ್ಯೂಬು ಇರುತ್ತದೆ. ಗಾಳಿಯನ್ನು ಪೂರ್ತಿ ಬಿಡದೆ ಆ ನಟ್ಟುಗಳನ್ನು ಸಡಿಲಿಸಿದರೆ ಹೋಳುಗಳು ಸಿಡಿದು ಬರುತ್ತವೆ. ಲಾಕ್ ರಿಂಗ್ ಇರುವ ಲಾರಿ ಚಕ್ರಗಳಿಗೆ ಗಾಳಿ ತುಂಬುವಾಗ ಕಬ್ಬಿಣದ ಪಂಜರ ಬೇಕು. ಸರಿಯಾಗಿ ಕೂರದ ರಿಂಗ್ ಹಾರಿದರೆ ಎದುರಿಗಿದ್ದವರು ಉಳಿಯುವುದು ಕಷ್ಟ. ಮೇಲೆ ವಿವರಿಸಿದ ಕ್ರಮ ಈ ಎರಡಕ್ಕೂ ಅನ್ವಯಿಸದು.

ಅವಲೋಕನಕಾರರಿಗೆ

ಮಾರ್ಗದರ್ಶಕ ಉಪನ್ಯಾಸಕರು ಮತ್ತು ಸಹಪಾಠಿ ವೀಕ್ಷಕರು ಈ ಐದು ಅಂಶಗಳನ್ನು ಗುರುತಿಸಲಿ:
- ಪೀಠಿಕೆಯ ಸಂದರ್ಭ ಮೌಲ್ಯಮಾಪನದವರೆಗೆ ಉಳಿಯಿತೇ?
- ಪ್ರಯೋಗಕ್ಕೆ ಮೊದಲು ಊಹೆ ಬರೆಸಲಾಯಿತೇ?
- ‘ಗಾಳಿ ನಿಲ್ಲುವುದು’ ಮತ್ತು ‘ಗಾಳಿ ತಳ್ಳುವುದು’ ಬೇರೆಬೇರೆಯಾಗಿ ಚರ್ಚೆಯಾದವೇ?
- ಕೆಲಸ ತಿಳಿದ ಮಗುವಿಗೆ ಮಾತನಾಡುವ ಅವಕಾಶ ಸಿಕ್ಕಿತೇ? ಆ ಮಗುವಿನ ಮನೆಯ ಕಸುಬನ್ನು ಕೆದಕದೆ, ಅದರ ತಿಳಿವಳಿಕೆಗೆ ಮಾತ್ರ ಮನ್ನಣೆ ಕೊಡಲಾಯಿತೇ?
- ಮಾದರಿಯ ಮಿತಿಯನ್ನು ಹೇಳಲಾಯಿತೇ?

ನಾಲ್ಕನೆಯ ಅಂಶಕ್ಕೆ ವಿಶೇಷ ಗಮನ ಬೇಕು. ‘ನಿಮ್ಮ ಅಪ್ಪ ಪಂಕ್ಚರ್ ಹಾಕುತ್ತಾರಲ್ಲ, ನೀನು ಹೇಳು’ ಎಂಬ ಮಾತು ಒಂದು ಮಗುವಿಗೆ ಹೆಮ್ಮೆಯಾದರೆ ಇನ್ನೊಂದಕ್ಕೆ ಅವಮಾನ. ‘ಈ ಕೆಲಸವನ್ನು ಹತ್ತಿರದಿಂದ ನೋಡಿದವರು ಯಾರು?’ ಎಂದು ಇಡೀ ತರಗತಿಯನ್ನು ಕೇಳಿದರೆ ಸಾಕು, ಹೇಳಬೇಕೆನಿಸಿದವರು ಕೈಯೆತ್ತುತ್ತಾರೆ.

ಪೂರ್ವಸಿದ್ಧತೆ

ಪಾಠದ ಹಿಂದಿನ ವಾರ ಪ್ರಶಿಕ್ಷಣಾರ್ಥಿಯು ಶಾಲೆಯ ಹತ್ತಿರದ ಪಂಕ್ಚರ್ ಅಂಗಡಿಗೆ ಹೋಗಿ, ಒಪ್ಪಿಗೆ ಕೇಳಿ, ಅರ್ಧ ಗಂಟೆ ನಿಂತು ನೋಡಬೇಕು. ನೋಟ್ ಪುಸ್ತಕದಲ್ಲಿ ಮೂರು ಸಾಲು ಅಂಕಣಗಳಿರಲಿ: ಅವರು ಮಾಡಿದ್ದು, ಅದಕ್ಕೆ ಅವರು ಕೊಟ್ಟ ಕಾರಣ, ನಮ್ಮ ಪಠ್ಯದಲ್ಲಿ ಅದಕ್ಕೆ ಸಿಗುವ ವಿವರಣೆ. ಎರಡನೆಯ ಅಂಕಣದಲ್ಲಿ ಅವರ ಮಾತು ಅವರದೇ ನುಡಿಯಲ್ಲಿರಲಿ. ಮೂರನೆಯ ಅಂಕಣದಲ್ಲಿ ಖಾಲಿ ಉಳಿದ ಜಾಗಗಳನ್ನು ಪಾಠಯೋಜನೆಯ ಚರ್ಚೆಗೆ ತಂದು, ಮಾರ್ಗದರ್ಶಕರೊಡನೆ ಕುಳಿತು ತುಂಬಬೇಕು. ತುಂಬಿದ ಆ ಪುಟವೇ ಎರಡೂ ಅವಧಿಗಳ ಪ್ರಶ್ನೆಗಳಿಗೆ ಆಧಾರ.